ಆಸ್ಟ್ರೇಲಿಯಾದ ಪುಟಾಣಿ ಹಕ್ಕಿಗಳು: ಗುರುತಿಸೋದು ಹೇಗೆ, ಫೋಟೊ ತೆಗೆಯೋದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಮೆಲ್ಬರ್ನ್‌ಗೆ ಬಂದ ಹೊಸದರಲ್ಲಿ ನನ್ನ ಕಣ್ಣಿಗೆ ಬಿದ್ದಿದ್ದೆಲ್ಲ ದೊಡ್ಡ ಹಕ್ಕಿಗಳೇ. ಕಾಕಟೂ, ಮ್ಯಾಗ್ಪೈ, ಕೂಕಬರಾ. ಅವು ಮಾಡುವ ಗಲಾಟೆಗೆ ಕಾಣದೇ ಇರಲು ಸಾಧ್ಯವೇ ಇಲ್ಲ. ಎರಡನೇ ವರ್ಷ ಮನೆ ಹತ್ತಿರದ ಹಳ್ಳದ ಪಕ್ಕ ನಡೆಯುತ್ತಿದ್ದಾಗ ಪೊದೆಯಿಂದ ಒಂದು ನೀಲಿ ಚೂರು ಹಾರಿ ಬಂದು ತಂತಿಬೇಲಿಯ ಮೇಲೆ ಕೂತಿತು. ಬಾಲ ನೆಟ್ಟಗೆ ಮೇಲಕ್ಕೆ. ಅವತ್ತು ಹಿಡಿದ ಹುಚ್ಚು ಇನ್ನೂ ಬಿಟ್ಟಿಲ್ಲ. ಇಲ್ಲಿಗೆ ಓದಲು ಬಂದ ಹುಡುಗರು, ಮಕ್ಕಳ ಮನೆಗೆ ಬಂದ ಅಪ್ಪ ಅಮ್ಮಂದಿರು, ಹೊಸ ಕ್ಯಾಮೆರಾ ಕೊಂಡವರು ಎಲ್ಲರೂ ಹೆಚ್ಚುಕಮ್ಮಿ ಇವೇ ಪ್ರಶ್ನೆ ಕೇಳುತ್ತಾರೆ. ಅದಕ್ಕೇ ಒಂದೇ ಕಡೆ ಬರೆದಿಟ್ಟಿದ್ದೇನೆ. ನಾನಿರುವುದು ಆಗ್ನೇಯ ಮೂಲೆಯಲ್ಲಿ, ಹಾಗಾಗಿ ಇಲ್ಲಿನ ಹಕ್ಕಿಗಳೇ ಜಾಸ್ತಿ ಬರುತ್ತವೆ.

ಚಿಕ್ಕ ಹಕ್ಕಿ ಅಂದ್ರೆ ಎಷ್ಟು ಚಿಕ್ಕದು?

ಜೇಬಿನಲ್ಲಿ ಇಲ್ಲಿನ ಹತ್ತು ಸೆಂಟಿನ ನಾಣ್ಯ ಇದ್ದರೆ ಅಂಗೈ ಮೇಲೆ ಇಟ್ಟುಕೊಳ್ಳಿ. ಐದೂವರೆ ಗ್ರಾಂ ಮೇಲೆ ಚೂರು ತೂಗುತ್ತದೆ. ಆಸ್ಟ್ರೇಲಿಯಾದ ಅತಿ ಚಿಕ್ಕ ಹಕ್ಕಿ ವೀಬಿಲ್ ಕೂಡ ಸುಮಾರು ಅಷ್ಟೇ. ಉದ್ದ 8ರಿಂದ 9 ಸೆಂಟಿಮೀಟರ್, ಅದೂ ಬಾಲ ಸೇರಿಸಿ. ಶುರುವಿನಲ್ಲಿ ಹೇಳಿದ ನೀಲಿ ಹಕ್ಕಿ, ಅಂದರೆ ಫೇರಿರೆನ್, ಹೆಚ್ಚೂಕಮ್ಮಿ ಒಂದು ಡಾಲರ್ ನಾಣ್ಯದ ತೂಕ, 9-10 ಗ್ರಾಂ. ಇವುಗಳ ಪಕ್ಕ ನಮ್ಮ ಗುಬ್ಬಚ್ಚಿಯನ್ನು ನಿಲ್ಲಿಸಿದರೆ ಪೈಲ್ವಾನನ ಹಾಗೆ ಕಾಣುತ್ತದೆ.

ಎಲ್ಲವೂ ಕಂದು ಬಣ್ಣ, ಎಲ್ಲವೂ ಒಂದೇ ಥರ. ಎಲ್ಲಿಂದ ಶುರು ಮಾಡಲಿ?

ಬಣ್ಣದಿಂದ ಮಾತ್ರ ಶುರು ಮಾಡಬೇಡಿ. ಎಲ್ಲರೂ ಎಡವುವುದು ಅಲ್ಲೇ. ಮರದ ನೆರಳಿನಲ್ಲಿ ಹಸಿರು ಕಂದಾಗುತ್ತದೆ, ಬೆಳಗಿನ ಬಿಸಿಲಲ್ಲಿ ಬೂದು ಹಳದಿಯಾಗುತ್ತದೆ, ಆಕಾಶದ ಎದುರಿಗೆ ಎಲ್ಲವೂ ಕಪ್ಪು.

ಮೊದಲು ನೋಡಬೇಕಾದ್ದು, ಅದು ಎಷ್ಟು ಎತ್ತರದಲ್ಲಿದೆ ಅಂತ. ನೆಲದ ಮೇಲೆ ಕುಪ್ಪಳಿಸುತ್ತಿದೆಯಾ, ಮೊಣಕಾಲೆತ್ತರದ ಪೊದೆಯಲ್ಲಿದೆಯಾ, ಇಲ್ಲ ನೀಲಗಿರಿ ಮರದ ನೆತ್ತಿಯಲ್ಲಿದೆಯಾ? ಇಷ್ಟಕ್ಕೇ ಅರ್ಧ ಪಟ್ಟಿ ಖಾಲಿಯಾಗುತ್ತದೆ. ಆಮೇಲೆ, ಅದು ಏನು ಮಾಡುತ್ತಿದೆ? ಎಲೆಯ ಅಡಿ ತಲೆಕೆಳಗಾಗಿ ನೇತಾಡುತ್ತಿದೆಯಾ, ಗಾಳಿಯಲ್ಲಿ ಪಲ್ಟಿ ಹೊಡೆದು ನೊಣ ಹಿಡಿಯುತ್ತಿದೆಯಾ, ಮರದ ಕಾಂಡಕ್ಕೆ ಅಡ್ಡಲಾಗಿ ಅಂಟಿಕೊಂಡು ಸುಮ್ನೆ ನೆಲ ನೋಡುತ್ತಿದೆಯಾ? ಮೂರನೆಯದು ಬಾಲ: ನೆಟ್ಟಗಿದೆಯಾ, ಬೀಸಣಿಗೆಯಂತೆ ಬಿಚ್ಚಿದೆಯಾ, ಇದ್ದೂ ಇಲ್ಲದಂತಿದೆಯಾ. ನಾಲ್ಕನೆಯದು ಮುಖ. ಕಣ್ಣಿನ ಬಣ್ಣ, ಹುಬ್ಬು, ಕೊಕ್ಕಿನ ದಪ್ಪ. ಮೈಬಣ್ಣ ಕೊನೆಗೆ.

ಊರಲ್ಲಿ ದೂರದಿಂದ ಬರುವವರನ್ನು ನಡಿಗೆ ನೋಡಿಯೇ ಇಂಥವರ ಮಗ ಅಂತ ಹೇಳುತ್ತಾರಲ್ಲ, ಇದೂ ಹಾಗೆಯೇ. ಮುಖ ಕಾಣುವ ತನಕ ಯಾರೂ ಕಾಯುವುದಿಲ್ಲ.

ಆ ನೀಲಿ ಹಕ್ಕಿ ಯಾವುದು? ಅದರ ಜೊತೆ ಓಡಾಡುವ ಕಂದು ಹಕ್ಕಿಗಳು ಬೇರೆ ಜಾತಿಯಾ?

ಅಲ್ಲ, ಒಂದೇ ಸಂಸಾರ. ಸಿಡ್ನಿ, ಕ್ಯಾನ್‌ಬೆರಾ, ಮೆಲ್ಬರ್ನ್, ಟಾಸ್ಮೇನಿಯಾ ಕಡೆ ನೀವು ನೋಡುವುದು ಸೂಪರ್ಬ್ ಫೇರಿರೆನ್. ಇಲ್ಲಿನವರು ಸಲೀಸಾಗಿ ಬ್ಲೂ ರೆನ್ ಅನ್ನುತ್ತಾರೆ. 2021ರಲ್ಲಿ ಆಸ್ಟ್ರೇಲಿಯಾದ ವರ್ಷದ ಹಕ್ಕಿ ಅಂತ ಜನ ವೋಟು ಹಾಕಿ ಗೆಲ್ಲಿಸಿದ್ದು ಇದನ್ನೇ.

ಮರಿ ಮಾಡುವ ಕಾಲದಲ್ಲಿ ಗಂಡಿಗೆ ತಿಳಿನೀಲಿ ಟೋಪಿ, ನೀಲಿ ಕೆನ್ನೆ, ಕಡುಗಪ್ಪು ಕತ್ತು. ಹೆಣ್ಣು ಕಂದು, ಕಣ್ಣಿನ ಸುತ್ತ ಮತ್ತು ಕೊಕ್ಕು ಇಟ್ಟಿಗೆ ಕೆಂಪು. ಆದರೆ ಗುಂಪಿನಲ್ಲಿರುವ ಕಂದು ಹಕ್ಕಿಗಳೆಲ್ಲ ಹೆಣ್ಣಲ್ಲ. ಚಳಿಗಾಲ ಬರುತ್ತಿದ್ದಂತೆ ಬಹಳಷ್ಟು ಗಂಡುಗಳು ನೀಲಿ ಬಟ್ಟೆ ಕಳಚಿ ಕಂದು ಉಟ್ಟುಕೊಳ್ಳುತ್ತವೆ. ಹಾಗಾಗಿ ಕೊಕ್ಕು ನೋಡಿ, ಬಾಲ ನೋಡಿ. ಕೊಕ್ಕು ಕಪ್ಪು, ಬಾಲ ಗಾಢ ನೀಲಿ ಇದ್ದರೆ ಮೈಯೆಲ್ಲ ಕಂದಾಗಿದ್ದರೂ ಅದು ಗಂಡು. ಕೊಕ್ಕು ಕೆಂಪು, ಬಾಲವೂ ಕಂದು ಇದ್ದರೆ ಹೆಣ್ಣು. ಇಷ್ಟು ಗೊತ್ತಾದರೆ ಜೂನ್ ತಿಂಗಳಲ್ಲೂ ಒಂದು ಗುಂಪಿನ ಲೆಕ್ಕ ಹೇಳಬಹುದು.

ಬೆನ್ನಿನ ಮೇಲೆ, ಭುಜದ ಹತ್ತಿರ ಕಂದುಗೆಂಪು ತೇಪೆ ಕಂಡರೆ ಅದು ವೇರಿಗೇಟೆಡ್ ಫೇರಿರೆನ್. ಬ್ರಿಸ್ಬೇನ್‌ನಿಂದ ಉತ್ತರಕ್ಕೆ ಹೋದರೆ ಕಪ್ಪು ಮೈ, ಕೆಂಪು ಬೆನ್ನಿನ ರೆಡ್‌ಬ್ಯಾಕ್ಡ್ ಫೇರಿರೆನ್ ಸಿಗುತ್ತದೆ. ಪರ್ತ್ ಕಡೆಯವರಿಗೆ ಸ್ಪ್ಲೆಂಡಿಡ್ ಫೇರಿರೆನ್. ಅದು ಹೊಟ್ಟೆ ಬೆನ್ನು ಅನ್ನದೆ ಎಲ್ಲ ಕಡೆ ನೀಲಿ, ಹೊಟ್ಟೆಕಿಚ್ಚಾಗುವಷ್ಟು ನೀಲಿ.

ಒಂದು ಸೆಪ್ಟೆಂಬರ್ ಬೆಳಿಗ್ಗೆ, ಇನ್ನೂ ಇಬ್ಬನಿ ಆರಿರಲಿಲ್ಲ, ಹುಲ್ಲಿನ ಮೇಲೆ ಹೊಟ್ಟೆಯಡಿ ಪ್ಲಾಸ್ಟಿಕ್ ಹಾಸಿಕೊಂಡು ಮಲಗಿದ್ದೆ. ಗಂಡು ಫೇರಿರೆನ್ ಒಂದು ಹಳದಿ ಹೂವಿನ ಹತ್ತಿರ ಇಳಿದು ಒಂದೇ ಒಂದು ದಳ ಕಿತ್ತುಕೊಂಡಿತು. ತಿನ್ನಲಿಲ್ಲ. ಕೊಕ್ಕಿನಲ್ಲಿ ಅಡ್ಡ ಹಿಡಿದುಕೊಂಡು, ಕೆನ್ನೆಯ ಗರಿ ಉಬ್ಬಿಸಿ, ಮೈಯನ್ನು ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ತಿರುಗಿಸುತ್ತ ಪೊದೆಯಲ್ಲಿದ್ದ ಹೆಣ್ಣಿನ ಮುಂದೆ ನಿಂತಿತು. ಆ ಹೆಣ್ಣು ಅವನದೇ ಹೆಂಡತಿ ಆಗಿರಬೇಕಿಲ್ಲ. ಜೋಡಿ ಕಟ್ಟಿಕೊಂಡು ಬಾಳುತ್ತವೆ ನಿಜ, ಆದರೆ ಪಕ್ಕದ ಮನೆ ವ್ಯವಹಾರ ಇವುಗಳಲ್ಲಿ ಧಾರಾಳ. ದಳ ಹಿಡಿದು ಹೋಗುವುದು ಹೆಚ್ಚಾಗಿ ಅಲ್ಲಿಗೇ.

ಇನ್ನೊಂದು ವಿಷಯ ಹೇಳದೆ ಮುಂದೆ ಹೋಗಲಾರೆ. ಕಾವು ಕೂತ ತಾಯಿ ಮೊಟ್ಟೆಗಳಿಗೆ ಒಂದು ಸಣ್ಣ ರಾಗ ಹಾಡುತ್ತದೆ. ಮರಿಗಳು ಹೊರಬಂದ ಮೇಲೆ ಆ ರಾಗದ ಒಂದು ಎಳೆಯನ್ನು ಸೇರಿಸಿಯೇ ಊಟ ಕೇಳುತ್ತವೆ. ಗೂಡಿನಲ್ಲಿ ಕೋಗಿಲೆ ಜಾತಿಯ ಕಳ್ಳಮರಿ ಇದ್ದರೆ ಅದಕ್ಕೆ ಈ ಪಾಸ್‌ವರ್ಡ್ ಗೊತ್ತಿರುವುದಿಲ್ಲ. ಅಡಿಲೇಡ್‌ನ ಫ್ಲಿಂಡರ್ಸ್ ವಿಶ್ವವಿದ್ಯಾಲಯದವರು 2012ರಲ್ಲಿ ಇದನ್ನು ಪ್ರಕಟಿಸಿದರು. ಕಂದು ಹೆಣ್ಣಿನ ಫೋಟೊ ಯಾರಿಗೆ ಬೇಕು ಅನ್ನುವವರಿಗೆ ನಾನು ಇದನ್ನೇ ಹೇಳುವುದು.

ಥಾರ್ನ್‌ಬಿಲ್‌ಗಳನ್ನು ಹೇಗೆ ಬೇರೆ ಮಾಡುತ್ತೀರಿ? ನನಗಂತೂ ತಲೆ ಕೆಟ್ಟಿದೆ.

ಎಲ್ಲರಿಗೂ ಕೆಟ್ಟಿರುತ್ತದೆ. ಒಂದರಂತೆ ಒಂದು ಕಾಣುವ, ಸೂಜಿಕೊಕ್ಕಿನ ಪುಟಾಣಿ ಹಕ್ಕಿಗಳ ಬಳಗ ಇದು. ಮೇಲೆ ಹೇಳಿದ ಎತ್ತರದ ಲೆಕ್ಕ ಇಲ್ಲಿ ನಿಜಕ್ಕೂ ಕೈ ಹಿಡಿಯುತ್ತದೆ.

ನೆಲದ ಮೇಲೆ ಗುಂಪಾಗಿ ಮೇಯುತ್ತ, ನೀವು ಹತ್ತಿರ ಹೋದ ಕೂಡಲೇ ಹಾರಿ, ಹಾರುವಾಗ ಸೊಂಟದ ಮೇಲೆ ನಿಂಬೆ ಹಳದಿ ಮಿಂಚಿದರೆ ಅದು ಯೆಲ್ಲೋ ರಂಪ್ಡ್ ಥಾರ್ನ್‌ಬಿಲ್. ಹಣೆ ಕಪ್ಪು, ಅದರ ಮೇಲೆ ಬಿಳಿ ಚುಕ್ಕಿ. ಇದು ಸುಲಭದ್ದು, ಇದರಿಂದ ಶುರು ಮಾಡಿ. ಸೊಂಟ ಮಾಸಲು ಹಳದಿ, ಕಣ್ಣು ಬೆಳ್ಳಗೆ ಇದ್ದರೆ ಬಫ್ ರಂಪ್ಡ್.

ಪೊದೆಯಲ್ಲಿ, ಎದೆಯೆತ್ತರದ ಒಳಗೆ, ಒಂದೋ ಎರಡೋ ಇವೆ, ಕಣ್ಣು ಕೆಂಪು, ಎದೆ ಮೇಲೆ ಪೆನ್ಸಿಲ್ ಗೀರಿನಂಥ ಕಪ್ಪು ಗೆರೆ. ಬ್ರೌನ್ ಥಾರ್ನ್‌ಬಿಲ್. ಅದೇ ಥರದ ಗೆರೆ ಇದೆ, ಆದರೆ ಮರದ ನೆತ್ತಿಯಲ್ಲಿ ಗುಂಪಾಗಿ ಚಿಲಿಪಿಲಿ, ತಲೆ ಮೇಲೂ ಸಣ್ಣ ಬಿಳಿ ಗೀರು. ಸ್ಟ್ರೈಯೇಟೆಡ್ ಥಾರ್ನ್‌ಬಿಲ್. ಜಾಲಿಯ ಜಾತಿಯ ವಾಟಲ್ ಮರಗಳಲ್ಲಿ, ಎದೆ ಹಳದಿ ಮತ್ತು ಸಪಾಟು, ಕಣ್ಣು ಕಪ್ಪು ಇದ್ದರೆ ಯೆಲ್ಲೋ ಥಾರ್ನ್‌ಬಿಲ್.

ಇಷ್ಟರ ನಡುವೆ ವೀಬಿಲ್ ಬಂದು ಗೊಂದಲ ಮಾಡುತ್ತದೆ. ಅದೂ ನೆತ್ತಿಯಲ್ಲೇ ಇರುವುದು. ಕೊಕ್ಕು ನೋಡಿ: ಥಾರ್ನ್‌ಬಿಲ್‌ನದು ಸೂಜಿ, ಕಪ್ಪು. ವೀಬಿಲ್‌ನದು ಗಿಡ್ಡ, ಮೊಂಡು, ಮಾಸಲು ಬಣ್ಣ. ಕಣ್ಣೂ ಬೆಳ್ಳಗೆ. ದನಿ ಮಾತ್ರ ಮೈಗಿಂತ ನಾಲ್ಕು ಪಟ್ಟು.

ಬ್ರೌನ್ ಥಾರ್ನ್‌ಬಿಲ್ ಬಗ್ಗೆ ಒಂದು ತಮಾಷೆ. ಏಳು ಗ್ರಾಂ ತೂಗುವ ಇದರ ಗೂಡಿಗೆ ಕರವಾಂಗ್ ಅನ್ನುವ ದೊಡ್ಡ ಕಪ್ಪು ಹಕ್ಕಿ ನುಗ್ಗಿದರೆ, ಇದು ಬೇರೆ ಹಕ್ಕಿಗಳು ಗಿಡುಗ ಕಂಡಾಗ ಕೂಗುವ ಕೂಗನ್ನು ಅನುಕರಣೆ ಮಾಡುತ್ತದೆ. ಗಿಡುಗ ಬಂತು ಅಂತ ಕರವಾಂಗ್ ಒಂದು ಕ್ಷಣ ಬೆದರಿ ಆಕಾಶ ನೋಡುತ್ತದೆ, ಅಷ್ಟರಲ್ಲಿ ದೊಡ್ಡ ಮರಿಗಳಾದರೆ ಪರಾರಿ. ಕ್ಯಾನ್‌ಬೆರಾದ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯವರು 2015ರಲ್ಲಿ ತೋರಿಸಿಕೊಟ್ಟಿದ್ದು ಇದು.

ದಿನವೂ "ಟಿಂಗ್ ಟಿಂಗ್" ಅಂತ ಕೇಳಿಸುತ್ತದೆ, ಹಕ್ಕಿ ಮಾತ್ರ ಕಾಣುವುದಿಲ್ಲ.

ಬಹುಶಃ ಸ್ಪಾಟೆಡ್ ಪಾರ್ಡಲೋಟ್. ನೀಲಗಿರಿ ಮರದ ನೆತ್ತಿಯಲ್ಲಿ ಎಲೆಗಳ ಮೇಲಿನ ಲರ್ಪ್ ಕಿತ್ತು ತಿನ್ನುತ್ತಿರುತ್ತದೆ. ಲರ್ಪ್ ಅಂದರೆ ಒಂದು ಬಗೆಯ ಸಸ್ಯಹೇನು ತನ್ನ ಮೇಲೆ ಕಟ್ಟಿಕೊಳ್ಳುವ ಸಕ್ಕರೆಯ ಚಿಪ್ಪು. ಮೇಲೆ ನೋಡಿ ನೋಡಿ ಕತ್ತು ನೋಯುತ್ತದೆ ಅಷ್ಟೇ, ಫೋಟೊ ಬರುವುದಿಲ್ಲ.

ಉಪಾಯ ಏನೆಂದರೆ ಅದು ಕೆಳಗೆ ಇಳಿಯುವ ಕಾಲಕ್ಕೆ ಕಾಯುವುದು. ಮರದ ಮೇಲೆ ಬದುಕುವ ಈ ಹಕ್ಕಿ ಗೂಡು ಮಾಡುವುದು ಮಣ್ಣಿನಲ್ಲಿ. ದಾರಿ ಪಕ್ಕದ ದರೆ, ಹಳ್ಳದ ದಂಡೆ, ಒಮ್ಮೊಮ್ಮೆ ಮನೆಯ ಮುಂದೆ ಸುರಿದ ಮಣ್ಣಿನ ರಾಶಿ. ನಾಲ್ಕು ಸೆಂಟಿಮೀಟರ್ ಅಗಲದ ತೂತು ಕೊರೆದು ಒಳಗೆ ಅರ್ಧ ಮೀಟರ್ ಹೋಗಿ ತೊಗಟೆಯ ನಾರಿನಿಂದ ಗೂಡು. ಆಗ ನಿಮ್ಮ ಕಣ್ಣಿನ ಮಟ್ಟದಲ್ಲೇ ಸಿಗುತ್ತದೆ. ಕಪ್ಪು ರೆಕ್ಕೆ ಮೇಲೆ ಬಿಳಿ ಚುಕ್ಕಿ, ರಂಗೋಲಿ ಇಟ್ಟಂತೆ. ಗಂಡಿಗೆ ಹಳದಿ ಕತ್ತು. ತಲೆ ಮೇಲೆ ಚುಕ್ಕಿಯ ಬದಲು ಗೀರುಗಳಿದ್ದು ಹುಬ್ಬು ಹಳದಿ ಇದ್ದರೆ ಅದು ಸ್ಟ್ರೈಯೇಟೆಡ್ ಪಾರ್ಡಲೋಟ್.

ತೂತು ಕಂಡಿತು ಅಂತ ಅದರ ಬಾಯಿಗೇ ಹೋಗಿ ಕೂರಬೇಡಿ. ನೀವು ಅಲ್ಲಿದ್ದರೆ ಅದು ಒಳಗೆ ಹೋಗುವುದಿಲ್ಲ, ಮರಿಗಳು ಉಪವಾಸ. ಕೊಕ್ಕಿನಲ್ಲಿ ಹುಳ ಇಟ್ಟುಕೊಂಡು ಹಕ್ಕಿ ಕೊಂಬೆಯ ಮೇಲೆ ಚಡಪಡಿಸುತ್ತಿದೆ ಅಂದರೆ ನೀವು ಜಾಸ್ತಿ ಹತ್ತಿರ ಇದ್ದೀರಿ ಅಂತಲೇ ಅರ್ಥ.

ಟಾಸ್ಮೇನಿಯಾಕ್ಕೆ ಹೋದರೆ ಬ್ರೂನಿ ದ್ವೀಪದಲ್ಲಿ ಇವುಗಳ ಅಪರೂಪದ ಅಕ್ಕ, ಫಾರ್ಟಿ ಸ್ಪಾಟೆಡ್ ಪಾರ್ಡಲೋಟ್ ಇದೆ. ಅಳಿವಿನಂಚಿನದು. ವೈಟ್ ಗಮ್ ಅನ್ನುವ ನೀಲಗಿರಿ ಜಾತಿಯ ಮರಗಳನ್ನು ಬಿಟ್ಟು ಅದು ಬದುಕುವುದಿಲ್ಲ.

ಊರಲ್ಲಿ ನೋಡಿದ ಹಕ್ಕಿಯ ಹಾಗೇ ಇದೆಯಲ್ಲ?

ಕೆಲವು ನಿಜಕ್ಕೂ ನೆಂಟರೇ. ಕಣ್ಣಿನ ಸುತ್ತ ಬಿಳಿ ಬಳೆ ಇರುವ ಸಿಲ್ವರ್‌ಐ, ನಮ್ಮ ಮಲೆನಾಡಿನ ಬಿಳಿಗಣ್ಣಿನ ಹಕ್ಕಿಯ ದಾಯಾದಿ. ಬೀಸಣಿಗೆ ಬಾಲದ ಗ್ರೇ ಫ್ಯಾನ್‌ಟೇಲ್ ಮತ್ತು ಕಪ್ಪು ಬಿಳುಪಿನ ವಿಲ್ಲಿ ವ್ಯಾಗ್‌ಟೇಲ್ ಎರಡೂ ನಮ್ಮ ಬೀಸಣಿಗೆ ನೊಣಹಿಡುಕದ ಬಳಗ. ವಿಲ್ಲಿಗೆ ಹೆಸರು ವ್ಯಾಗ್‌ಟೇಲ್ ಅಂತಿದ್ದರೂ ಅದು ನಮ್ಮ ಬಾಲ ಕುಣಿಸುವ ಸಿಪಿಲೆ ಜಾತಿಗೆ ಸೇರಿದ್ದಲ್ಲ. ಬೆಳದಿಂಗಳ ರಾತ್ರಿ ಇದು ಹಾಡುತ್ತ ಕೂತರೆ ನಿದ್ದೆಗೆ ನಮಸ್ಕಾರ.

ನನಗೆ ಬಹಳ ಇಷ್ಟವಾದ ನೆಂಟ ಮಿಸ್ಟಲ್‌ಟೋ ಬರ್ಡ್. ಮಾವಿನ ಮರದಲ್ಲಿ ಬೆಳೆಯುವ ಬಂದಳಿಕೆ ಗೊತ್ತಲ್ವಾ? ಅಂಥದ್ದೇ ಗಿಡ ಇಲ್ಲಿ ನೀಲಗಿರಿ ಮರಗಳ ಮೇಲೆ ಇದೆ. ಅದರ ಹಣ್ಣು ತಿಂದು ಅಂಟು ಬೀಜವನ್ನು ಇನ್ನೊಂದು ಕೊಂಬೆಗೆ ಅಂಟಿಸಿ ಹೋಗುವುದು ಇದರ ಕೆಲಸ. ಗಂಡಿನ ಕತ್ತು ಕೆಂಪು, ಬೆನ್ನು ಮಿರುಗುವ ನೀಲಿಗಪ್ಪು. ಬಂದಳಿಕೆ ಹಣ್ಣಾದ ಮರ ಹುಡುಕಿ ಅದರ ಕೆಳಗೆ ಕೂತರೆ ಸಾಕು, ಹಕ್ಕಿಯನ್ನು ಹುಡುಕಬೇಕಾಗಿಲ್ಲ.

ಇಲ್ಲಿ ಹಮ್ಮಿಂಗ್‌ಬರ್ಡ್ ಇದೆಯಾ? ನಾನು ನೋಡಿದೆ.

ಇಲ್ಲ. ನೀವು ನೋಡಿದ್ದು ಈಸ್ಟರ್ನ್ ಸ್ಪೈನ್‌ಬಿಲ್ ಇರಬೇಕು. ಉದ್ದ ಬಾಗಿದ ಕೊಕ್ಕು, ಹೂವಿನ ಮುಂದೆ ಒಂದು ಗಳಿಗೆ ಗಾಳಿಯಲ್ಲಿ ನಿಲ್ಲುತ್ತದೆ. ಕೇರ್ನ್ಸ್ ಕಡೆ ಆದರೆ ನಿಜವಾದ ಸೂರಕ್ಕಿ.

ಕೆಂಪು ಎದೆಯ ರಾಬಿನ್ ಸಿಕ್ಕಿತು. ಸ್ಕಾರ್ಲೆಟ್ಟಾ, ಫ್ಲೇಮಾ?

ಕತ್ತು ನೋಡಿ. ಕತ್ತು ಕಪ್ಪಗಿದ್ದು ಹಣೆಯ ಮೇಲೆ ದೊಡ್ಡ ಬಿಳಿ ಬೊಟ್ಟು ಇದ್ದರೆ ಸ್ಕಾರ್ಲೆಟ್. ಕಿತ್ತಳೆಗೆಂಪು ಗದ್ದದ ತನಕ ಹತ್ತಿದ್ದರೆ, ಬೆನ್ನು ಬೂದಿದ್ದರೆ ಫ್ಲೇಮ್. ಫ್ಲೇಮ್ ರಾಬಿನ್ ಬೇಸಿಗೆಯಲ್ಲಿ ಬೆಟ್ಟದ ಮೇಲಿದ್ದು ಚಳಿಗಾಲಕ್ಕೆ ಬಯಲಿಗೆ ಇಳಿಯುತ್ತದೆ, ಹೊಲದ ಬೇಲಿಗಳ ಮೇಲೆ ಕೂತಿರುತ್ತದೆ. ಹೆಣ್ಣುಗಳನ್ನು ಬೇರೆ ಮಾಡುವುದು ಕಷ್ಟ. ಜೊತೆಗಿರುವ ಗಂಡನ್ನು ನೋಡಿ ಹೇಳುವುದು ನನ್ನ ಸೋಮಾರಿ ದಾರಿ.

ಹೊಸಬರಿಗೆ ನಾನು ಹೇಳುವ ಹಕ್ಕಿ ಈಸ್ಟರ್ನ್ ಯೆಲ್ಲೋ ರಾಬಿನ್. ಕಾಂಡಕ್ಕೆ ಅಡ್ಡಲಾಗಿ ಅಂಟಿಕೊಂಡು ಅರ್ಧ ನಿಮಿಷ ಅಲ್ಲಾಡದೆ ಕೂರುತ್ತದೆ. ಇಷ್ಟು ಪುರಸೊತ್ತಾಗಿ ಫೋಟೊ ತೆಗೆಸಿಕೊಳ್ಳುವ ಪುಟ್ಟ ಹಕ್ಕಿ ಇನ್ನೊಂದಿಲ್ಲ.

ಇಲ್ಲಿ ಕಾಣುವ ಚಿಕ್ಕ ಹಕ್ಕಿಗಳೆಲ್ಲ ಇಲ್ಲಿಯವೇನಾ?

ಅಮ್ಮ ತೀರ್ಥಹಳ್ಳಿಯಿಂದ ಬಂದಿದ್ದಾಗ ಮೊದಲ ದಿನವೇ ಹೊರಗೆ ನೋಡಿ, "ಗೊರವಂಕ ಇಲ್ಲಿಗೂ ಬಂದಿದೆಯೇನೋ?" ಅಂದಿದ್ದರು. ಬಂದಿದೆ. 1862ರಲ್ಲಿ ತೋಟದ ಹುಳ ತಿನ್ನಲಿ ಅಂತ ಮೆಲ್ಬರ್ನ್‌ಗೆ ತಂದು ಬಿಟ್ಟರು, ಈಗ ಇಲ್ಲಿನವರು ಅದನ್ನು ಇಂಡಿಯನ್ ಮೈನಾ ಅಂತ ಬೈಯುತ್ತಾರೆ. ಗುಬ್ಬಚ್ಚಿಯೂ ಹೊರಗಿನದೇ. ಸಿಡ್ನಿಯಲ್ಲಿ ನಮ್ಮ ಕೆಮ್ಮೀಸೆ ಪಿಕಳಾರವೂ ಸಿಗುತ್ತದೆ. ಮುಖವೆಲ್ಲ ಕೆಂಪಿರುವ, ರೆಕ್ಕೆಯಲ್ಲಿ ಹಳದಿ ಪಟ್ಟಿಯ ಗೋಲ್ಡ್‌ಫಿಂಚ್ ಯುರೋಪಿನದು. ಇಲ್ಲಿಯ ರೆಡ್ ಬ್ರೌಡ್ ಫಿಂಚ್‌ಗೆ ಕೆಂಪು ಹುಬ್ಬು, ಕೆಂಪು ಸೊಂಟ, ಮೈ ಹಸಿರು-ಬೂದು.

ಇನ್ನು ನಾಯ್ಸಿ ಮೈನರ್. ಹೆಸರು ಕೇಳಿ ಇದೂ ಮೈನಾ ಅಂದುಕೊಳ್ಳಬೇಡಿ. ಇದು ಇಲ್ಲಿಯದೇ ಜೇನುಹೀರುಕ. ಆದರೆ ಗೂಂಡಾ. ಗುಂಪು ಕಟ್ಟಿಕೊಂಡು ಚಿಕ್ಕ ಹಕ್ಕಿಗಳನ್ನೆಲ್ಲ ಓಡಿಸುತ್ತದೆ. 2014ರಲ್ಲಿ ಸರಕಾರ ಇವುಗಳ ಈ ದಬ್ಬಾಳಿಕೆಯನ್ನೇ ಕಾನೂನಿನಡಿ ಪ್ರಮುಖ ಅಪಾಯ ಅಂತ ಪಟ್ಟಿಗೆ ಸೇರಿಸಿತು. ನಿಮಗೆ ಇದರಿಂದ ಒಂದು ಉಪಯೋಗ ಇದೆ: ಹುಲ್ಲುಹಾಸು, ಅಲ್ಲಲ್ಲಿ ಮರ, ಪೊದೆಯೇ ಇಲ್ಲ, ಸುತ್ತ ನಾಯ್ಸಿ ಮೈನರ್ ಗದ್ದಲ, ಅಂಥ ಪಾರ್ಕಿನಲ್ಲಿ ಚಿಕ್ಕ ಹಕ್ಕಿ ಹುಡುಕುತ್ತ ಬೆಳಿಗ್ಗೆ ಹಾಳು ಮಾಡಿಕೊಳ್ಳಬೇಡಿ. ಮುಳ್ಳುಪೊದೆ ದಟ್ಟವಾಗಿರುವ ಕಡೆ ಹೋಗಿ.

ಯಾವ ಕ್ಯಾಮೆರಾ, ಯಾವ ಲೆನ್ಸ್?

ಒಂದು ಸಣ್ಣ ಲೆಕ್ಕ ಹೇಳುತ್ತೇನೆ. ಹತ್ತು ಸೆಂಟಿಮೀಟರ್ ಹಕ್ಕಿ, ಹತ್ತು ಮೀಟರ್ ದೂರ, 400 ಎಂಎಂ ಲೆನ್ಸ್. ಸೆನ್ಸರ್ ಮೇಲೆ ಹಕ್ಕಿ ಬೀಳುವುದು ಬರೀ ನಾಲ್ಕು ಮಿಲಿಮೀಟರ್. ಫುಲ್ ಫ್ರೇಮ್ ಸೆನ್ಸರ್ 36 ಮಿಲಿಮೀಟರ್ ಅಗಲ. ಅಂದರೆ ಫೋಟೊದ ಅಗಲದ ಒಂಬತ್ತನೇ ಒಂದು ಪಾಲು. ಅದೇ ಐದು ಮೀಟರ್‌ಗೆ ಹೋದರೆ ಎಂಟು ಮಿಲಿಮೀಟರ್. 400ರಿಂದ 800ಕ್ಕೆ ಹೋಗಲು ಎಷ್ಟು ದುಡ್ಡು ಬೇಕು ಅಂತ ಅಂಗಡಿಯಲ್ಲಿ ಕೇಳಿ ನೋಡಿ. ಐದು ಮೀಟರ್ ಹತ್ತಿರ ಹೋಗುವುದು ಪುಕ್ಕಟೆ.

ಹಾಗಂತ ಕ್ಯಾಮೆರಾ ಜೊತೆ ಬರುವ ಕಿಟ್ ಲೆನ್ಸ್ ಸಾಲದು. ನನ್ನ ಮಟ್ಟಿಗೆ 400 ಎಂಎಂ ಕನಿಷ್ಠ. 100-400 ಹಗುರ, ಪೊದೆಗಳ ನಡುವೆ ಓಡಾಡಲು ಸಲೀಸು. 150-600 ಜೂಮ್‌ಗಳು ಕೊಟ್ಟ ದುಡ್ಡಿಗೆ ಮೋಸ ಇಲ್ಲ, ಭಾರ ಮಾತ್ರ ಜಾಸ್ತಿ. ಕ್ರಾಪ್ ಸೆನ್ಸರ್, ಅಂದರೆ ಫುಲ್ ಫ್ರೇಮ್‌ಗಿಂತ ಚಿಕ್ಕ ಸೆನ್ಸರ್ ಇರುವ ಕ್ಯಾಮೆರಾ ಇದ್ದರೆ ಸಂಕೋಚ ಬೇಡ, ಚಿಕ್ಕ ಹಕ್ಕಿಗೆ ಅದೇ ಲಾಭ. ಕೊಳ್ಳುವ ಮುಂಚೆ ಲೆನ್ಸ್ ಎಷ್ಟು ಹತ್ತಿರದ ತನಕ ಫೋಕಸ್ ಮಾಡುತ್ತದೆ ಅಂತ ನೋಡಿ. ಫೇರಿರೆನ್ ಕಾಲಬುಡಕ್ಕೆ ಬಂದಾಗ ಫೋಕಸ್ ಆಗದೆ ಹಿಂದಕ್ಕೆ ತೆವಳುವ ಕಷ್ಟ ಅನುಭವಿಸಿದವರಿಗೇ ಗೊತ್ತು. ಫೋನ್‌ನಲ್ಲಿ ಫೋಟೊ ಆಗುವುದಿಲ್ಲ, ಆದರೆ ಹಕ್ಕಿಯ ಕೂಗು ರೆಕಾರ್ಡ್ ಮಾಡಿಕೊಳ್ಳಿ. ಆಮೇಲೆ ಗುರುತಿಸಲು ಎಷ್ಟೋ ಸಲ ಅದೇ ಸಾಕ್ಷಿ.

ಅಮ್ಮ ನನ್ನ 600 ಎಂಎಂ ನೋಡಿ ಹೇಳಿದ ಮಾತು: "ಇಷ್ಟೇ ಇಷ್ಟು ಹಕ್ಕಿಗೆ ಇಷ್ಟು ದೊಡ್ಡ ಪೈಪೇನೋ!"

ಸೆಟ್ಟಿಂಗ್ ಏನಿಡಬೇಕು?

ಶಟರ್ ಸ್ಪೀಡ್ 1/1600ರಿಂದ ಶುರು ಮಾಡಿ. ಫ್ಯಾನ್‌ಟೇಲ್ ಥರದ ಚಡಪಡಿಕೆಯವಕ್ಕೆ 1/2500. ಯೆಲ್ಲೋ ರಾಬಿನ್ ಕೂತಿದ್ದರೆ 1/500ಕ್ಕೂ ಇಳಿಸಬಹುದು. ಅಪರ್ಚರ್ ಲೆನ್ಸ್ ಕೊಡುವಷ್ಟು ತೆರೆದಿಡಿ. ಐಎಸ್ಒ ಆಟೋಗೆ ಬಿಡಿ, ಮೇಲಿನ ಮಿತಿ 6400. ನಾಯ್ಸ್, ಅಂದರೆ ಫೋಟೊದಲ್ಲಿ ಮರಳಿನಂಥ ಚುಕ್ಕಿ, ಬಂತು ಅಂತ ಹೆದರಬೇಡಿ. ನಾಯ್ಸ್ ಆಮೇಲೆ ತೆಗೆಯಬಹುದು, ಅಲುಗಿದ ಹಕ್ಕಿಯನ್ನು ಯಾವ ಸಾಫ್ಟ್‌ವೇರೂ ನೆಟ್ಟಗೆ ನಿಲ್ಲಿಸುವುದಿಲ್ಲ.

ಫೋಕಸ್ ಕಣ್ಣಿನ ಮೇಲೇ ಇರಬೇಕು. ನಾಲ್ಕು ಮೀಟರ್ ದೂರದಲ್ಲಿ, 600 ಎಂಎಂ, ಎಫ್ 6.3ರಲ್ಲಿ ಸ್ಪಷ್ಟವಾಗಿ ಬರುವ ಆಳ ಒಂದೂವರೆ ಸೆಂಟಿಮೀಟರ್ ಆಸುಪಾಸು. ರೆಕ್ಕೆ ಮೇಲೆ ಫೋಕಸ್ ಆದರೆ ಕಣ್ಣು ಮಂಜು. ಈಗಿನ ಕ್ಯಾಮೆರಾಗಳು ಹಕ್ಕಿಯ ಕಣ್ಣನ್ನು ತಾವೇ ಹುಡುಕುತ್ತವೆ, ಆದರೆ ಪೊದೆಯೊಳಗೆ ಕಡ್ಡಿಗೆ ಹೋಗಿ ಅಂಟಿಕೊಳ್ಳುತ್ತವೆ. ಅಲ್ಲಿ ಒಂದೇ ಪಾಯಿಂಟ್ ಇಟ್ಟು ನೀವೇ ಗುರಿ ಹಿಡಿಯುವುದು ವಾಸಿ.

ಹಕ್ಕಿ ಆಕಾಶದ ಎದುರಿಗೆ ಇದ್ದರೆ ಎಕ್ಸ್‌ಪೋಷರ್ ಒಂದು ಸ್ಟಾಪ್, ಅಂದರೆ ಎರಡು ಪಟ್ಟು ಬೆಳಕಿನಷ್ಟು, ಮೇಲೆ. ಇಲ್ಲದಿದ್ದರೆ ಮಸಿಬೊಂಬೆ. ಕತ್ತಲ ಪೊದೆಯ ಮುಂದೆ ಬಿಸಿಲಲ್ಲಿ ಕೂತ ನೀಲಿ ಗಂಡಿಗೆ ಸ್ವಲ್ಪ ಕೆಳಗೆ, ಇಲ್ಲದಿದ್ದರೆ ಆ ನೀಲಿ ಸುಟ್ಟು ಬೆಳ್ಳಗಾಗುತ್ತದೆ. ಆಮೇಲೆ ತಿದ್ದಲು ಅನುಕೂಲವಾಗುವ ರಾ ಫೈಲ್‌ನಲ್ಲೇ ತೆಗೆಯಿರಿ.

ಮನೆಯಿಂದ ಹೊರಡುವ ಮುಂಚೆ ಹಿಂದಿನ ಸಲದ ಸೆಟ್ಟಿಂಗ್ ನೋಡಿಕೊಳ್ಳಿ. ಹಬ್ಬದ ದಿನ ಮನೆಯೊಳಗೆ ದೀಪದ ಫೋಟೊ ತೆಗೆಯಲು 1/60 ಇಟ್ಟವನು ಮಾರನೇ ಬೆಳಿಗ್ಗೆ ಹಾಗೇ ಹೋಗಿ, ಮೊದಲ ಬಾರಿ ಸಿಕ್ಕ ಪಿಂಕ್ ರಾಬಿನ್‌ನ ನಲವತ್ತು ಫೋಟೊಗಳಲ್ಲಿ ನಲವತ್ತೂ ಗುಲಾಬಿ ಹೊಗೆ ಮಾಡಿಕೊಂಡು ಬಂದೆ.

ಹತ್ತಿರ ಹೋದರೆ ಹಾರಿ ಹೋಗುತ್ತದೆ. ಏನು ಮಾಡಲಿ?

ಹೋಗಬೇಡಿ. ಕೂತುಕೊಳ್ಳಿ. ಈ ಇಡೀ ಪುಟದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನೇ ಇಟ್ಟುಕೊಳ್ಳಿ.

ಚಿಕ್ಕ ಹಕ್ಕಿಗಳು ಒಂದು ಸುತ್ತು ಹೊಡೆದು ಅದೇ ಜಾಗಕ್ಕೆ ಬರುತ್ತವೆ. ಫೇರಿರೆನ್ ಗುಂಪಿಗೆ ತನ್ನದೇ ಎಲ್ಲೆ ಇದೆ, ಅದನ್ನು ಬಿಟ್ಟು ಹೆಚ್ಚು ದೂರ ಹೋಗುವುದಿಲ್ಲ. ನೀವು ಹಿಂದೆ ಬಿದ್ದರೆ ಬರೀ ಬೆನ್ನಿನ ಫೋಟೊ ಸಿಗುತ್ತದೆ. ಅವು ಎತ್ತ ಹೋಗುತ್ತಿವೆ ನೋಡಿ, ದೂರದಿಂದ ಸುತ್ತಿ ಇಪ್ಪತ್ತು ಹೆಜ್ಜೆ ಮುಂದೆ ಹೋಗಿ, ಬಿಸಿಲು ಬೆನ್ನಿಗೆ ಬರುವಂತೆ ನೆಲದ ಮೇಲೆ ಕೂತುಬಿಡಿ. ನಿಂತ ಮನುಷ್ಯ ಅವಕ್ಕೆ ಪ್ರಾಣಿ, ಕೂತ ಮನುಷ್ಯ ಬಂಡೆ. ಮೊದಲ ಐದು ನಿಮಿಷ ಬೈಯುತ್ತವೆ. ಹತ್ತು ನಿಮಿಷಕ್ಕೆ ಮರೆಯುತ್ತವೆ. ಇಪ್ಪತ್ತು ನಿಮಿಷಕ್ಕೆ, ಅದೃಷ್ಟ ಇದ್ದರೆ, ನಿಮ್ಮ ಬೂಟಿನ ಪಕ್ಕ ಹುಳ ಹುಡುಕುತ್ತಿರುತ್ತವೆ. ಕೂರುವ ಮುಂಚೆ ನೆಲ ನೋಡಿ. ಒಮ್ಮೆ ನಾನು ನೋಡದೆ ಬುಲ್ ಆಂಟ್ ಅನ್ನುವ ದೊಡ್ಡ ಕಚ್ಚಿರುವೆಯ ಗೂಡಿನ ಮೇಲೆ ಮಂಡಿಯೂರಿ, ಅವತ್ತಿನ ನನ್ನ ಕುಣಿತಕ್ಕೆ ಇಡೀ ಕಾಡಿನ ಹಕ್ಕಿ ಹಾರಿಹೋಯಿತು.

ಬೇಸಿಗೆಯಲ್ಲಿ ನೀರಿನ ಹತ್ತಿರ ಕೂರಿ. ತೊಟ್ಟಿಕ್ಕುವ ನಲ್ಲಿ, ಒಣಗುತ್ತಿರುವ ಹೊಂಡ, ಯಾವುದಾದರೂ ಸರಿ. ಚಳಿಗಾಲದಲ್ಲಿ ಥಾರ್ನ್‌ಬಿಲ್, ಫ್ಯಾನ್‌ಟೇಲ್, ಪಾರ್ಡಲೋಟ್ ಎಲ್ಲ ಸೇರಿ ದಿಬ್ಬಣ ಹೊರಡುತ್ತವೆ. ಅರ್ಧ ಗಂಟೆ ಏನೂ ಇಲ್ಲ, ಆಮೇಲೆ ಎರಡು ನಿಮಿಷ ಎಲ್ಲವೂ ಇದೆ. ಆ ಎರಡು ನಿಮಿಷದಲ್ಲಿ ಒಂದೇ ಹಕ್ಕಿಯನ್ನು ಆರಿಸಿಕೊಳ್ಳಿ, ಎಲ್ಲದರ ಹಿಂದೆ ಹೋದರೆ ಯಾವುದೂ ಸಿಗುವುದಿಲ್ಲ.

ಫೋನ್‌ನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯಬಹುದಾ?

ನಾನು ಮಾಡುವುದಿಲ್ಲ. ಆ ಹಕ್ಕಿಗೆ ಅದು ಸಂಗೀತ ಅಲ್ಲ, ಜಾಗ ಕಬಳಿಸಲು ಬಂದ ಶತ್ರು. ಮರಿಗೆ ಊಟ ತರುವುದು ಬಿಟ್ಟು ನಿಮ್ಮ ಫೋನ್ ಜೊತೆ ಜಗಳಕ್ಕೆ ಬರುತ್ತದೆ. ಮರಿ ಮಾಡುವ ಕಾಲದಲ್ಲಂತೂ ಬೇಡವೇ ಬೇಡ.

ಗೂಡಿನ ಫೋಟೊ?

ಬೇಡ. ನೀವು ಬಾಗಿಸಿದ ಕೊಂಬೆ, ತುಳಿದ ಹುಲ್ಲು ಕರವಾಂಗ್‌ಗೆ ದಾರಿ ತೋರಿಸುತ್ತದೆ.

ಯಾವಾಗ, ಎಲ್ಲಿಗೆ ಹೋಗಲಿ?

ಇಲ್ಲಿ ಋತು ತಿರುಗುಮುರುಗು ಅನ್ನುವುದು ನೆನಪಿರಲಿ. ವಸಂತ ಅಂದರೆ ಸೆಪ್ಟೆಂಬರ್‌ನಿಂದ ನವೆಂಬರ್. ಬಣ್ಣ, ಹಾಡು, ಓಡಾಟ ಎಲ್ಲ ಆಗಲೇ ಜಾಸ್ತಿ. ದಿನದಲ್ಲಿ ಸೂರ್ಯ ಹುಟ್ಟಿ ಎರಡು ಗಂಟೆಯೊಳಗೆ. ಬೇಸಿಗೆ ಮಧ್ಯಾಹ್ನ ನೆಲದ ಕಾವಿಗೆ ಗಾಳಿಯೇ ನಡುಗುತ್ತಿರುತ್ತದೆ, ಎಂಥ ಲೆನ್ಸ್ ಇದ್ದರೂ ಫೋಟೊ ಮಂಜು.

ಕ್ಯಾನ್‌ಬೆರಾದ ನ್ಯಾಷನಲ್ ಬೊಟಾನಿಕ್ ಗಾರ್ಡನ್ಸ್‌ನಲ್ಲಿ ಫೇರಿರೆನ್‌ಗಳು ಜನರಿಗೆ ಎಷ್ಟು ಒಗ್ಗಿವೆ ಅಂದರೆ ಬೆಂಚಿನ ಕೆಳಗೇ ಓಡಾಡುತ್ತವೆ. ಹತ್ತಾರು ವರ್ಷಗಳಿಂದ ಅಲ್ಲಿ ಅವುಗಳ ಅಧ್ಯಯನ ನಡೆದಿದೆ, ಹಾಗಾಗಿ ಕಾಲಿಗೆ ಬಣ್ಣದ ಬಳೆ ಇರುವ ಹಕ್ಕಿ ಕಂಡರೆ ಆಶ್ಚರ್ಯ ಬೇಡ. ಸಿಡ್ನಿಯವರಿಗೆ ರಾಯಲ್ ನ್ಯಾಷನಲ್ ಪಾರ್ಕ್‌ನ ಲೇಡಿ ಕ್ಯಾರಿಂಗ್ಟನ್ ಡ್ರೈವ್. ಹೆಸರು ಡ್ರೈವ್ ಆದರೂ ನಡೆಯುವ ದಾರಿ. ಬ್ರಿಸ್ಬೇನ್‌ನಲ್ಲಿ ಆಕ್ಸ್‌ಲಿ ಕ್ರೀಕ್ ಕಾಮನ್, ಮೂರು ಬಗೆಯ ಫೇರಿರೆನ್ ಒಂದೇ ಜಾಗದಲ್ಲಿ. ಮೆಲ್ಬರ್ನ್‌ನಲ್ಲಿ ಕ್ರ್ಯಾನ್‌ಬರ್ನ್‌ನ ಬೊಟಾನಿಕ್ ಗಾರ್ಡನ್ಸ್. ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಲು ಇದೇ ಒಳ್ಳೆಯದು: ದಾರಿ ಸಪಾಟು, ಕಾಫಿ ಸಿಗುತ್ತದೆ, ಶೌಚಾಲಯ ಇದೆ.

ಹಾವು, ಉಣ್ಣೆ ಹುಳ, ಮ್ಯಾಗ್ಪೈ... ಹೆದರಿಕೆ ಆಗುತ್ತದೆ.

ಹೆದರಿಕೆ ಬೇಡ, ಎಚ್ಚರ ಇರಲಿ. ಬೆಚ್ಚಗಿನ ತಿಂಗಳುಗಳಲ್ಲಿ ಉದ್ದ ಹುಲ್ಲಿಗೆ ಕಾಲಿಡಬೇಡಿ, ಬೂಟು ಮತ್ತು ದಪ್ಪ ಪ್ಯಾಂಟು ಹಾಕಿ, ವ್ಯೂಫೈಂಡರ್‌ನಲ್ಲಿ ಕಣ್ಣಿಟ್ಟುಕೊಂಡೇ ನಡೆಯಬೇಡಿ. ಹಾವು ಕಚ್ಚಿದರೆ ಗಾಯ ತೊಳೆಯಬಾರದು. ಅಗಲ ಬ್ಯಾಂಡೇಜ್ ಬಿಗಿಯಾಗಿ ಸುತ್ತಿ, ಅಲ್ಲಾಡದೆ ಕೂತು ತುರ್ತು ಸಂಖ್ಯೆ 000ಗೆ ಕರೆ ಮಾಡಿ. ಪೂರ್ವ ಕರಾವಳಿಯಲ್ಲಿ ಪ್ಯಾರಾಲಿಸಿಸ್ ಟಿಕ್ ಅನ್ನುವ ಉಣ್ಣೆ ಇದೆ, ಮನೆಗೆ ಬಂದ ಮೇಲೆ ಕಿವಿಯ ಹಿಂದೆ, ಕಂಕುಳಲ್ಲಿ ನೋಡಿಕೊಳ್ಳಿ. ವಸಂತದಲ್ಲಿ ಮ್ಯಾಗ್ಪೈ ತಲೆಗೆ ಎರಗಿದರೆ ಓಡಬೇಡಿ. ಟೋಪಿ ಹಾಕಿಕೊಂಡು, ಅದನ್ನೇ ನೋಡುತ್ತ, ನಿಧಾನಕ್ಕೆ ಆ ಜಾಗ ದಾಟಿ.

ಆಪ್‌ಗಳನ್ನು ನಂಬಬಹುದಾ?

ಹಕ್ಕಿ ಗುರುತಿಸುವ ಮರ್ಲಿನ್ ಆಪ್‌ನಲ್ಲಿ ಆಸ್ಟ್ರೇಲಿಯಾದ ಪ್ಯಾಕ್ ಇಳಿಸಿಕೊಳ್ಳಿ, ಫೋಟೊ ಕೊಟ್ಟರೆ ಎರಡು ಮೂರು ಹೆಸರು ಹೇಳುತ್ತದೆ. ಅದನ್ನು ತೀರ್ಪು ಅಂದುಕೊಳ್ಳದೆ ಸುಳಿವು ಅಂದುಕೊಳ್ಳಿ. ಜನ ತಾವು ಕಂಡ ಹಕ್ಕಿಗಳನ್ನು ಬರೆದಿಡುವ ಇಬರ್ಡ್‌ನಲ್ಲಿ ನಿಮ್ಮ ಊರಿನ ಪಟ್ಟಿ ನೋಡಿ. ಆ ಹಕ್ಕಿ ಅಲ್ಲಿ ಯಾವತ್ತೂ ಯಾರಿಗೂ ಕಂಡಿಲ್ಲ ಅಂದರೆ ತಪ್ಪು ನಿಮ್ಮದೇ ಇರುವ ಸಂಭವ ಜಾಸ್ತಿ. ಕೂಗು ಕೇಳಿ ಹೆಸರಿಸುವಾಗ ಇನ್ನೂ ಎಚ್ಚರ. ಲೈರ್‌ಬರ್ಡ್ ಇರುವ ಕಾಡಿನಲ್ಲಿ ಒಂದೇ ಹಕ್ಕಿ ಹತ್ತು ಹಕ್ಕಿಗಳ ದನಿ ತೆಗೆಯುತ್ತದೆ. ಅಕ್ಟೋಬರ್‌ನಲ್ಲಿ ಆಸಿ ಬರ್ಡ್ ಕೌಂಟ್ ಅನ್ನುವ ಹಕ್ಕಿ ಎಣಿಕೆ ನಡೆಯುತ್ತದೆ, ಇಪ್ಪತ್ತು ನಿಮಿಷ ನಿಮ್ಮ ಹಿತ್ತಲಲ್ಲಿ ಕೂತು ಎಣಿಸಿದರೆ ಆಯಿತು. ಮಕ್ಕಳನ್ನು ಕೂರಿಸಿಕೊಳ್ಳಿ, ಅವರ ಕಣ್ಣು ನಮಗಿಂತ ಚುರುಕು.

ಫೋಟೊ ಕೆಟ್ಟದಾಗಿ ಬಂದಿದೆ. ಡಿಲೀಟ್ ಮಾಡಲಾ?

ಹೆಸರು ಸಿಗುವ ತನಕ ಬೇಡ. ಗುರುತಿಸಲು ಚೆಂದದ ಫೋಟೊವೇ ಬೇಕು ಅಂತಿಲ್ಲ. ಹೋದ ವರ್ಷ ಮಗಳು ನನ್ನ ಹಳೆ ಕ್ಯಾಮೆರಾದಲ್ಲಿ ಒಂದು ಫೋಟೊ ತೆಗೆದಳು. ಮುಕ್ಕಾಲು ಭಾಗ ಹುಲ್ಲು, ಮೇಲಿನ ಮೂಲೆಯಲ್ಲಿ ಫ್ರೇಮ್‌ನಿಂದ ಹೊರಗೆ ಹಾರುತ್ತಿರುವ ಏನೋ ಒಂದು. ತಲೆ ಇಲ್ಲ, ರೆಕ್ಕೆ ಅರ್ಧ. "ಅಪ್ಪಾ, ಇದು ಹಾಳಾಯ್ತು" ಅಂದಳು. ದೊಡ್ಡದು ಮಾಡಿ ನೋಡಿದೆವು. ಕಪ್ಪು ಬಾಲದ ಮೇಲೆ, ಸೊಂಟದ ಹತ್ತಿರ, ಉಗುರಿನಷ್ಟು ನಿಂಬೆ ಹಳದಿ. ಯೆಲ್ಲೋ ರಂಪ್ಡ್ ಥಾರ್ನ್‌ಬಿಲ್ ಅಂತ ಅವಳೇ ಹೇಳಿದಳು. ಅವಳ ಪಟ್ಟಿಯಲ್ಲಿ ಅದು ಹನ್ನೊಂದನೆಯದು.